ಮನೆಮಂದಿಗೆಲ್ಲ ಸಲಾಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಚಿತ್ರದುರ್ಗ, ಸೇರಿದ ಮನೆ ದಾವಣಗೆರೆ. ಅಲ್ಲಿ ಮುದ್ದೆ ಜಾಸ್ತಿ, ಇಲ್ಲಿ ರೊಟ್ಟಿ ಜಾಸ್ತಿ. ಎರಡರ ಪಕ್ಕದಲ್ಲೂ ಹಸಿಯಾಗಿ ಕಡಿಯಲು ಏನಾದರೂ ಒಂದು ಇದ್ದೇ ಇರುತ್ತಿತ್ತು. ಈರುಳ್ಳಿ, ಸೌತೆಕಾಯಿ, ಮೂಲಂಗಿ, ಒಂದು ಹಿಡಿ ಮೆಂತ್ಯ ಸೊಪ್ಪು. ಅದನ್ನು ಯಾರೂ ಸಲಾಡ್ ಅಂತ ಕರೆಯುತ್ತಿರಲಿಲ್ಲ. ಈಗ ‘ಡಾಕ್ಟರು ಸಲಾಡ್ ತಿನ್ನಿ ಅಂದ್ರು, ಹೇಗೆ ಮಾಡೋದು?’ ಅಂತ ನೆಂಟರು, ಅಕ್ಕಪಕ್ಕದವರು ಬಂದು ಕೇಳುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಅಳತೆಗಳೆಲ್ಲ ನಾಲ್ಕೈದು ಜನರ ಮನೆಗೆ.

ಸಲಾಡ್ ಅಂದ್ರೆ ನಮ್ಮ ಮನೇಲಿ ಯಾರೂ ಮುಟ್ಟಲ್ಲ. ಎಲ್ಲಿಂದ ಶುರು ಮಾಡಲಿ?

ಸಲಾಡ್ ಅನ್ನುವ ಹೆಸರನ್ನೇ ಬಿಟ್ಟು ಶುರು ಮಾಡಿ. ಕೋಸಂಬರಿ ಅಂದರೆ ಬೇಡ ಅನ್ನುವ ಮನೆ ಕಡಿಮೆ. ಹಬ್ಬದ ದಿನ ಎಲೆಯ ತುದಿಗೆ ಒಂದು ಚಮಚ ಬಡಿಸುವುದನ್ನೇ ವಾರದ ದಿನ ಒಂದು ಬಟ್ಟಲು ಮಾಡಿ, ಅಷ್ಟೇ. ತಟ್ಟೆಗೆ ಮೊದಲು ಅದನ್ನು ಬಡಿಸಿ. ಹಸಿವು ಜೋರಾಗಿದ್ದಾಗ ಕೈಗೆ ಸಿಕ್ಕಿದ್ದನ್ನು ಎಲ್ಲರೂ ತಿನ್ನುತ್ತಾರೆ. ಅನ್ನ ಸಾರು ಮುಗಿದ ಮೇಲೆ ಬಟ್ಟಲು ಮುಂದಿಟ್ಟರೆ ಅದು ಹಾಗೇ ಉಳಿಯುತ್ತದೆ.

ಇನ್ನೊಂದು ಮಾತು. ಬರೀ ಹೆಚ್ಚಿದ ಸೌತೆಕಾಯಿ, ಟೊಮೆಟೊ, ಕ್ಯಾರೆಟ್ ಬಿಲ್ಲೆಗಳನ್ನು ತಟ್ಟೆಯಲ್ಲಿ ಸುತ್ತ ಜೋಡಿಸಿದರೆ ನೋಡಲು ಚೆಂದ, ತಿನ್ನಲು ಸಪ್ಪೆ. ಹಸಿ ತರಕಾರಿಗೆ ಹುಳಿ ಬೇಕು, ಉಪ್ಪು ಬೇಕು, ಸ್ವಲ್ಪ ಎಣ್ಣೆಯ ಜಿಡ್ಡು ಬೇಕು, ಹಲ್ಲಿಗೆ ಸಿಗುವಂತೆ ಗರಿಗರಿ ಏನಾದರೂ ಬೇಕು. ಈ ನಾಲ್ಕೂ ಕೂಡಿದರೆ ಮನೆಯವರು ತಾವಾಗಿ ಕೇಳಿ ಹಾಕಿಸಿಕೊಳ್ಳುತ್ತಾರೆ.

ಕೋಸಂಬರಿ, ಪಚಡಿ, ಮೊಸರುಬಜ್ಜಿ ಇವಕ್ಕೆಲ್ಲ ಏನು ವ್ಯತ್ಯಾಸ?

ಕೋಸಂಬರಿಯಲ್ಲಿ ನೆನೆಸಿದ ಬೇಳೆ ಇರುತ್ತದೆ. ಪಚಡಿ ಅಂದರೆ ನಮ್ಮ ಕಡೆ ಹಸಿ ಸೊಪ್ಪು, ತರಕಾರಿ ಹೆಚ್ಚಿ ಪುಡಿ, ಒಗ್ಗರಣೆ ಹಾಕಿ ಕಲಸಿದ್ದು. ಮೊಸರಲ್ಲಿ ಕಲಸಿದರೆ ಮೊಸರುಬಜ್ಜಿ. ಊರು ಬದಲಾದರೆ ಹೆಸರೂ ಬದಲಾಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಹೆಸರುಬೇಳೆ ಕೋಸಂಬರಿಗೆ ಸರಿಯಾದ ಅಳತೆ ಹೇಳಿ.

ಅರ್ಧ ಲೋಟ ಹೆಸರುಬೇಳೆ ತೊಳೆದು ಮುಕ್ಕಾಲು ಗಂಟೆ ನೆನೆಸಿ. ಬೇಳೆಯನ್ನು ಉಗುರಿನಿಂದ ಒತ್ತಿದರೆ ತುಂಡಾಗಬೇಕು, ಹಿಟ್ಟಾಗಬಾರದು. ನೀರು ಬಸಿದು ಜರಡಿಯಲ್ಲಿ ಹತ್ತು ನಿಮಿಷ ಬಿಡಿ. ಇದನ್ನು ಜನ ಬಿಟ್ಟುಬಿಡುತ್ತಾರೆ, ಆಮೇಲೆ ಕೋಸಂಬರಿ ಒದ್ದೆ ಒದ್ದೆ ಅನ್ನುತ್ತಾರೆ. ಒಂದು ಎಳೆ ಸೌತೆಕಾಯಿಯನ್ನು ಸಣ್ಣಗೆ ಹೆಚ್ಚಿ. ತುರಿಯಬೇಡಿ, ತುರಿದರೆ ಬರೀ ನೀರಾಗುತ್ತದೆ. ಕಾಲು ಲೋಟ ತೆಂಗಿನತುರಿ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ. ಒಂದು ಚಮಚ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು ಹಾಕಿ ಒಗ್ಗರಣೆ ಮಾಡಿ, ಆರಿದ ಮೇಲೆ ಸುರಿಯಿರಿ. ಅರ್ಧ ನಿಂಬೆಹಣ್ಣು ಮತ್ತು ಉಪ್ಪು ಬಡಿಸುವ ಹೊತ್ತಿಗೆ.

ಸೌತೆಕಾಯಿ ಬದಲು ಕ್ಯಾರೆಟ್ ಹಾಕಿದರೆ ತುರಿಯಬಹುದು, ಅದು ಅಷ್ಟಾಗಿ ನೀರು ಬಿಡುವುದಿಲ್ಲ. ಯುಗಾದಿ, ರಾಮನವಮಿ ಹೊತ್ತಿಗೆ ಮಾವಿನಕಾಯಿ ಬರುತ್ತದಲ್ಲ, ಆಗ ಎರಡು ಚಮಚ ಮಾವಿನಕಾಯಿ ತುರಿ ಹಾಕಿ ನಿಂಬೆಹಣ್ಣು ಬಿಟ್ಟುಬಿಡಿ. ವರ್ಷದಲ್ಲಿ ನಾನು ಮಾಡುವ ಕೋಸಂಬರಿಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದು.

ಕಡಲೆಬೇಳೆಯಾದರೆ ಎರಡರಿಂದ ಮೂರು ಗಂಟೆ ನೆನೆಯಬೇಕು. ಹಸಿಬೇಳೆ ತಿಂದರೆ ಹೊಟ್ಟೆ ಉಬ್ಬರಿಸುವವರು ಇದ್ದರೆ, ನೆನೆದ ಬೇಳೆಯನ್ನು ಕುದಿಯುವ ನೀರಿಗೆ ಹಾಕಿ ಎರಡು ನಿಮಿಷಕ್ಕೆ ಬಸಿದುಬಿಡಿ. ಕಚ್ಚಿದರೆ ಕಟುಂ ಅನ್ನುವ ಗುಣ ಹಾಗೇ ಇರುತ್ತದೆ.

ಮಾಡಿ ಇಟ್ಟ ಅರ್ಧ ಗಂಟೆಗೇ ನೀರು ಬಿಟ್ಟುಕೊಳ್ಳುತ್ತೆ. ಏನು ತಪ್ಪು ಮಾಡ್ತಿದ್ದೀನಿ?

ಉಪ್ಪು ಬೇಗ ಹಾಕುತ್ತಿದ್ದೀರಿ. ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದೇ, ಉತ್ತರವೂ ಬಹುತೇಕ ಇದೇ.

ಉಪ್ಪು ತಾಗಿದ ತಕ್ಷಣ ತರಕಾರಿಯ ಒಳಗಿನ ನೀರು ಹೊರಗೆ ಬರಲು ಶುರುವಾಗುತ್ತದೆ. ಉಪ್ಪಿನಕಾಯಿಗೆ ಕಾಯಿ ಹೆಚ್ಚಿ ಉಪ್ಪು ಬೆರೆಸಿಟ್ಟರೆ ಬೆಳಿಗ್ಗೆ ಹೊತ್ತಿಗೆ ಜಾಡಿಯಲ್ಲಿ ರಸ ನಿಂತಿರುತ್ತದಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ ಇರುವುದು. ಟೊಮೆಟೊ ಕೂಡ ಹೆಚ್ಚು ಕಡಿಮೆ ಹಾಗೇ.

ಮದುವೆಯಾದ ಮೊದಲ ವರ್ಷ ಗಣೇಶನ ಹಬ್ಬಕ್ಕೆ ಕೋಸಂಬರಿ ನನ್ನ ಪಾಲಿಗೆ ಬಂತು. ಎಲ್ಲ ಮುಗಿಸಿಟ್ಟರೆ ನಿರಾಳ ಅಂತ ಬೆಳಿಗ್ಗೆ ಹತ್ತಕ್ಕೇ ಉಪ್ಪು, ನಿಂಬೆಹುಳಿ ಹಾಕಿ ಕಲಸಿಟ್ಟೆ. ಪೂಜೆ ಮುಗಿದು ಎಲೆ ಹಾಕುವಾಗ ಒಂದೂವರೆ. ಪಾತ್ರೆಯಲ್ಲಿ ಬೇಳೆ ತೇಲುತ್ತಿತ್ತು. ಬಡಿಸಿದರೆ ಎಲೆಯ ಮೇಲೆ ನೀರು ಹರಿದು ಪಕ್ಕದ ಹೋಳಿಗೆಗೆ ತಾಗಿತು. ತುಂಬಾ ಬೇಜಾರಾಯಿತು. ಅತ್ತೆ ಏನೂ ಅನ್ನಲಿಲ್ಲ. ಮುಂದಿನ ವರ್ಷ ಉಪ್ಪಿನ ಬಟ್ಟಲನ್ನು ತಮ್ಮ ಪಕ್ಕ ಇಟ್ಟುಕೊಂಡು ಕೂತರು. ಎಲ್ಲರೂ ಎಲೆ ಮುಂದೆ ಕೂತ ಮೇಲೆ ‘ಈಗ ಹಾಕವ್ವ’ ಅಂದರು. ಅವತ್ತಿನಿಂದ ನಾನು ಸಲಾಡಿಗೆ ಉಪ್ಪು ಹಾಕುವುದು ಬಡಿಸುವ ಐದು ನಿಮಿಷ ಮೊದಲು ಮಾತ್ರ.

ಉಪ್ಪಲ್ಲದೆ ಇನ್ನೂ ಎರಡು ಕಾರಣ ಇವೆ. ತೊಳೆದ ತರಕಾರಿಯನ್ನು ಒರೆಸದೆ ಹೆಚ್ಚಿದರೆ ಆ ನೀರೂ ಬಟ್ಟಲಿಗೇ ಬರುತ್ತದೆ. ಬಲಿತ ಸೌತೆಕಾಯಿಯ ನಡುವಿನ ಬೀಜದ ತಿರುಳಲ್ಲಿ ನೀರು ಜಾಸ್ತಿ. ಅದನ್ನು ಚಮಚದಲ್ಲಿ ಕೆರೆದು ತೆಗೆಯಿರಿ. ಟೊಮೆಟೊ ಗಟ್ಟಿಯಾಗಿರುವುದು ಆರಿಸಿ, ಕೊನೆಯಲ್ಲಿ ಹಾಕಿ.

ಬಿಸಿ ಒಗ್ಗರಣೆ ಹಾಕಬಹುದಾ?

ಆರಿದ ಮೇಲೆ ಹಾಕಿ. ಕಾದ ಎಣ್ಣೆ ಬಿದ್ದ ಕಡೆ ಸೊಪ್ಪು, ಸೌತೆಕಾಯಿ ಬಾಡುತ್ತವೆ. ಒಗ್ಗರಣೆ ಇಲ್ಲದೆಯೂ ಕೋಸಂಬರಿ ಆಗುತ್ತದೆ, ಆದರೆ ನಾನು ಬಿಡುವುದಿಲ್ಲ. ಕ್ಯಾರೆಟ್ಟಿನ ಬಣ್ಣದಲ್ಲಿರುವ ಸತ್ವ ಮೈಗೆ ಹಿಡಿಯಲು ಜೊತೆಗೆ ಸ್ವಲ್ಪ ಜಿಡ್ಡು ಬೇಕು. ಒಂದು ಚಮಚ ಎಣ್ಣೆ ಅದಕ್ಕೆ ಸಾಕು. ಶೇಂಗಾ ಎಣ್ಣೆ ಇದ್ದರೆ ಇನ್ನೂ ಒಳ್ಳೆಯದು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ನಮಗೆ ಶೇಂಗಾ ಎಣ್ಣೆಯ ಘಮ ಚಿಕ್ಕಂದಿನಿಂದ ರೂಢಿ.

ರೊಟ್ಟಿ ಜೊತೆ ತಿನ್ನಲು ಖಾರವಾಗಿ ಏನಾದರೂ ಹೇಳಿ.

ಮೆಂತ್ಯ ಸೊಪ್ಪಿನ ಪಚಡಿ. ಇದನ್ನು ಒಮ್ಮೆ ಮಾಡಿದರೆ ವಾರಕ್ಕೆ ಎರಡು ಸಲ ಮಾಡುತ್ತೀರಿ.

ಎಳೆ ಮೆಂತ್ಯ ಸೊಪ್ಪು ಬೇಕು, ಬೆರಳುದ್ದ ಇರುವಂಥದ್ದು. ಬಲಿತದ್ದಾದರೆ ಕಹಿ ಮುಂದಾಗುತ್ತದೆ. ಒಂದು ಕಟ್ಟು ಸೊಪ್ಪು ಬಿಡಿಸಿ, ತೊಳೆದು, ಬಟ್ಟೆ ಮೇಲೆ ಹರಡಿ ಆರಿಸಿ. ಸಣ್ಣಗೆ ಹೆಚ್ಚಿ. ಒಂದು ಈರುಳ್ಳಿ, ಅರ್ಧ ಸೌತೆಕಾಯಿ, ಒಂದು ಗಟ್ಟಿ ಟೊಮೆಟೊ ಹೆಚ್ಚಿ ಸೇರಿಸಿ. ಎರಡು ದೊಡ್ಡ ಚಮಚ ಶೇಂಗಾ ಪುಡಿ, ಒಂದು ಚಮಚ ಗುರೆಳ್ಳು ಪುಡಿ. ಎಣ್ಣೆಗೆ ಸಾಸಿವೆ, ಜೀರಿಗೆ, ಇಂಗು, ಚಿಟಿಕೆ ಅರಿಶಿನ ಹಾಕಿ ಆರಿಸಿ ಸುರಿಯಿರಿ. ನಿಂಬೆಹುಳಿ ಹಿಂಡಿ, ಉಪ್ಪು ಹಾಕಿ, ಕೈಯಲ್ಲೇ ಹಗುರವಾಗಿ ಕಲಸಿ. ಹಿಸುಕಬೇಡಿ, ಹಿಸುಕಿದರೆ ಸೊಪ್ಪಿನ ಕಹಿ ಹೊರಬರುತ್ತದೆ. ಬಿಸಿ ಜೋಳದ ರೊಟ್ಟಿ ಮುರಿದು ಇದನ್ನು ಸುತ್ತಿ ತಿಂದರೆ ಬೇರೆ ಪಲ್ಯ ಬೇಕು ಅನಿಸುವುದಿಲ್ಲ.

ಶೇಂಗಾ ಪುಡಿ ನಾನು ತಿಂಗಳಿಗೊಮ್ಮೆ ಮಾಡಿಡುತ್ತೇನೆ. ಎರಡು ಲೋಟ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಅವಸರ ಮಾಡಿದರೆ ಮೇಲೆ ಕಪ್ಪು, ಒಳಗೆ ಹಸಿ. ಸಿಪ್ಪೆ ತಿಕ್ಕಿ ಕೇರಿ. ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಎರಡು ಚಮಚ ಬ್ಯಾಡಗಿ ಖಾರದ ಪುಡಿ, ಉಪ್ಪು ಸೇರಿಸಿ ಕುಟ್ಟಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತರಿತರಿ ಇದ್ದರೆ ಮಾತ್ರ ಸಲಾಡಿಗೆ ಚೆನ್ನ, ಅದು ಹೊರಬಂದ ನೀರನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ. ಈ ಪುಡಿಯಲ್ಲಿ ಉಪ್ಪಿದೆ ಅನ್ನುವುದನ್ನು ನೆನಪಿಟ್ಟು ಪಚಡಿಗೆ ಉಪ್ಪು ಹಾಕಿ. ಬೂಸಲು ಹಿಡಿದ, ಮುದುರಿದ, ಕಹಿಯಾದ ಶೇಂಗಾ ಬೀಜವನ್ನು ಆರಿಸಿ ಎಸೆಯಿರಿ. ಆ ಬೂಸಲಿನ ವಿಷ ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ಗುರೆಳ್ಳು ಸಿಗದಿದ್ದರೆ ಅಗಸೆ ಪುಡಿ ಹಾಕಿ. ಗುರೆಳ್ಳನ್ನೇ ದುರ್ಗದ ಕಡೆ ಹುಚ್ಚೆಳ್ಳು ಅನ್ನುತ್ತೇವೆ, ಅಂಗಡಿಯಲ್ಲಿ ಎರಡೂ ಹೆಸರು ಹೇಳಿ ಕೇಳಿ.

ಹಕ್ಕರಿಕೆ ಸೊಪ್ಪು ಕಂಡರೆ ಬಿಡಬೇಡಿ. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಸೊಪ್ಪು ಅದು, ಸಂತೆಗೆ ಅಜ್ಜಿಯರು ತರುತ್ತಾರೆ. ಮೆಂತ್ಯದ ಹಾಗೇ ಪಚಡಿ ಮಾಡಬಹುದು. ಸ್ವಲ್ಪ ಒಗರು, ಸ್ವಲ್ಪ ಕಹಿ, ಬಿಸಿ ರೊಟ್ಟಿಗೆ ಹೇಳಿ ಮಾಡಿಸಿದ್ದು.

ಮುದ್ದೆ ಜೊತೆ?

ಮುದ್ದೆ ನುಂಗುವ ಊಟ. ನಡುನಡುವೆ ಕಡಿಯಲು ಏನಾದರೂ ಸಿಕ್ಕರೆ ಬಾಯಿಗೆ ಹಿತ. ಸಾರು ಖಾರವಾಗಿ ಇರುವುದರಿಂದ ಸಲಾಡ್ ತಂಪಾಗಿರಲಿ. ಸೌತೆಕಾಯಿ ಮೊಸರುಬಜ್ಜಿ, ಇಲ್ಲವೇ ಈರುಳ್ಳಿಗೆ ನಿಂಬೆಹುಳಿ, ಉಪ್ಪು ಅಷ್ಟೇ.

ಮೊಳಕೆಕಾಳು ಹಸಿಯಾಗಿ ತಿನ್ನಬಹುದಾ? ನನ್ನದು ಯಾವಾಗಲೂ ಲೋಳೆ ಬರುತ್ತೆ.

ಮೊದಲು ಲೋಳೆಯ ವಿಷಯ. ಹೆಸರುಕಾಳನ್ನು ಎಂಟು ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ನೀರು ಪೂರ್ತಿ ಇಳಿಸಿ, ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಒಳಗೆ ಗಾಳಿ ಆಡುವುದಿಲ್ಲ. ಅರ್ಧ ದಿನಕ್ಕೊಮ್ಮೆ ಬಿಚ್ಚಿ ತೊಳೆದು ಮತ್ತೆ ಕಟ್ಟಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಹನ್ನೆರಡು ಗಂಟೆಗೇ ಮೊಳಕೆ ಕಾಣುತ್ತದೆ, ಡಿಸೆಂಬರಿನಲ್ಲಿ ಒಂದು ದಿನ ದಾಟುತ್ತದೆ. ಬೇಸಿಗೆಯಲ್ಲಿ ಚಳಿಗಾಲದ ಲೆಕ್ಕ ಹಿಡಿದು ಬಿಟ್ಟರೆ ಲೋಳೆಯಾಗುತ್ತದೆ, ವಾಸನೆ ಬರುತ್ತದೆ. ಹಾಗಾದದ್ದನ್ನು ತೊಳೆದು ಬಳಸಲು ಹೋಗಬೇಡಿ, ಚೆಲ್ಲಿ.

ಹಸಿಯಾಗಿ ತಿನ್ನುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಹಬೆಯಲ್ಲಿ ಐದು ನಿಮಿಷ ಬೇಯಿಸಿಯೇ ತಿನ್ನಿ. ಮೊಳಕೆ ಬರಲು ಬೇಕಾದ ಬೆಚ್ಚನೆ, ತೇವ ಎರಡೂ ರೋಗಾಣುಗಳಿಗೂ ಇಷ್ಟ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಸೊರಗಿದವರು ಹಸಿ ಮೊಳಕೆ ತಿನ್ನಲೇಬಾರದು, ಅವರಿಗೆ ಚೆನ್ನಾಗಿ ಬೇಯಿಸಿ ಕೊಡಿ. ನಮ್ಮದು ಕೂಡು ಕುಟುಂಬ. ಒಬ್ಬರಿಗೆ ಹಸಿ, ಒಬ್ಬರಿಗೆ ಬೆಂದದ್ದು ಅಂತ ಎರಡು ಮಾಡುವುದಕ್ಕಿಂತ ಎಲ್ಲರಿಗೂ ಬೇಯಿಸುವುದೇ ಸುಲಭ. ಆರಿಸಿ, ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ, ನಿಂಬೆಹುಳಿ ಸೇರಿಸಿ. ನಿಂಬೆಹುಳಿ ಬರೀ ರುಚಿಗಲ್ಲ. ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಮೈ ಹೀರಿಕೊಳ್ಳಲು ಅದು ನೆರವಾಗುತ್ತದೆ.

ರಾಜ್ಮಾ ಕಾಳು ಮಾತ್ರ ಬೇರೆ. ಅದನ್ನು ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದ ಮೇಲೆಯೇ ಸಲಾಡಿಗೆ ಹಾಕಬೇಕು. ಹಸಿ ಅಥವಾ ಅರೆಬೆಂದ ರಾಜ್ಮಾ ತಿಂದರೆ ವಾಂತಿ ಭೇದಿ ಆಗುತ್ತದೆ.

ಸೌತೆಕಾಯಿ ಕಹಿ ಇದ್ದರೆ?

ಹೆಚ್ಚುವ ಮೊದಲು ಪ್ರತಿಯೊಂದರ ತೊಟ್ಟಿನ ಕಡೆ ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿ ನೋಡಿ. ಸ್ವಲ್ಪ ಕಹಿ ಇದ್ದರೆ ತೊಟ್ಟಿನ ಕಡೆ ಎರಡು ಬೆರಳು ತೆಗೆದು, ಸಿಪ್ಪೆ ದಪ್ಪಗೆ ಹೆರೆಯಿರಿ. ಜೋರು ಕಹಿ ಇದ್ದರೆ ಪೂರ್ತಿ ಎಸೆಯಿರಿ. ಒಂದು ಕಹಿ ಕಾಯಿ ಇಡೀ ಪಾತ್ರೆ ಕೆಡಿಸುತ್ತದೆ.

ಈರುಳ್ಳಿ, ಮೂಲಂಗಿ ಘಾಟು ಕಡಿಮೆ ಮಾಡೋದು ಹೇಗೆ?

ಹೆಚ್ಚಿದ ಈರುಳ್ಳಿಯನ್ನು ತಣ್ಣೀರಲ್ಲಿ ಹತ್ತು ನಿಮಿಷ ಬಿಟ್ಟು ಬಸಿಯಿರಿ. ಚಿತ್ರದುರ್ಗ ಜಿಲ್ಲೆ ಈರುಳ್ಳಿಗೆ ಹೆಸರಾದದ್ದು, ಮಳೆಗಾಲದ ಬೆಳೆ ಬಂದಾಗ ಮನೆಯಲ್ಲಿ ಮೂಟೆಗಟ್ಟಲೆ ಇರುತ್ತಿತ್ತು. ಹೊಸ ಈರುಳ್ಳಿಗೆ ನೀರಲ್ಲಿ ನೆನೆಸದೆ ಬರೀ ನಿಂಬೆಹುಳಿ ಹಾಕಿದರೂ ಸಾಕು. ಮೂಲಂಗಿಯನ್ನು ತುರಿದು ಗಟ್ಟಿ ಮೊಸರಲ್ಲಿ ಕಲಸಿದರೆ ಘಾಟು ಇಳಿಯುತ್ತದೆ. ಎಳೆ ಮೂಲಂಗಿಯ ಸೊಪ್ಪನ್ನೂ ಸಣ್ಣಗೆ ಹೆಚ್ಚಿ ಹಾಕಿ, ಬಿಸಾಡಬೇಡಿ.

ಮೆಕ್ಕೆಜೋಳ, ದಾಳಿಂಬೆ, ಮಂಡಕ್ಕಿ ಇವನ್ನೆಲ್ಲ ಹಾಕಬಹುದಾ?

ಮೂರೂ ನಮ್ಮ ಊರಿನವೇ ಅಲ್ವಾ, ಧಾರಾಳವಾಗಿ ಹಾಕಿ.

ದಾವಣಗೆರೆ ಸುತ್ತ ಬೆಳೆಯುವ ಮೆಕ್ಕೆಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ, ಗಂಜಿಪುಡಿ ಕಾರ್ಖಾನೆಗೆ ಹೋಗುವಂಥದ್ದು. ಆದರೆ ಕಾಳು ಒತ್ತಿದರೆ ಹಾಲು ಬರುವ ಹದದ ಎಳೆ ತೆನೆ ಸಿಕ್ಕರೆ ಬೇಯಿಸಿ, ಕಾಳು ಬಿಡಿಸಿ, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ಜೊತೆ ಕಲಸಿ. ಸಿಹಿಜೋಳದಷ್ಟು ಸಿಹಿ ಇರುವುದಿಲ್ಲ, ಅಗಿಯಲು ಮಜ ಇರುತ್ತದೆ. ನನಗೆ ಅದೇ ಇಷ್ಟ.

ದಾಳಿಂಬೆಯನ್ನು ಚಿತ್ರದುರ್ಗ ಜಿಲ್ಲೆಯಲ್ಲಿ ಚೆನ್ನಾಗಿ ಬೆಳೆಯುತ್ತಾರೆ. ಒಂದು ಹಿಡಿ ಕಾಳನ್ನು ಮೊಸರುಬಜ್ಜಿಗೋ ಎಲೆಕೋಸಿನ ಸಲಾಡಿಗೋ ಹಾಕಿ. ಎಲೆಕೋಸನ್ನು ನೂಲಿನ ಹಾಗೆ ತೆಳ್ಳಗೆ ಹೆಚ್ಚಬೇಕು, ದಪ್ಪ ಇದ್ದರೆ ಹಸಿ ವಾಸನೆ.

ಮಂಡಕ್ಕಿಯನ್ನು ಕೊಟ್ಟ ಕೊನೆಗೆ ಹಾಕಿ. ಕಲಸಿದ ಎರಡು ನಿಮಿಷದಲ್ಲಿ ತಿನ್ನಬೇಕು. ನಮ್ಮ ಮಕ್ಕಳು ಸ್ಕೂಲಿನಿಂದ ಬಂದ ತಕ್ಷಣ ಹೆಚ್ಚಿದ ತರಕಾರಿ, ಶೇಂಗಾ, ಪುಟಾಣಿ ಪುಡಿ, ನಿಂಬೆಹುಳಿ, ಮೇಲೆ ಮಂಡಕ್ಕಿ ಹಾಕಿ ಕೊಡುತ್ತೇನೆ. ಮೂರು ಪಾಲು ತರಕಾರಿ ಇದೆ ಅನ್ನುವುದು ಅವರ ಗಮನಕ್ಕೇ ಬರುವುದಿಲ್ಲ.

ಚಿಕ್ಕ ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ಕೊಡೋದು ಹೇಗೆ?

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಕ್ಯಾರೆಟ್ ತುಂಡು, ಇಡೀ ಶೇಂಗಾ, ಇಡೀ ದ್ರಾಕ್ಷಿ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತುರಿದು, ಪುಡಿ ಮಾಡಿ ಕೊಡಿ. ನಮ್ಮ ಮಾವನಿಗೆ ಕಟ್ಟಿಸಿದ ಹಲ್ಲು. ಅವರ ಪಾಲಿಗೆ ಸೌತೆಕಾಯಿಯನ್ನೂ ತುರಿದು, ನೀರು ಹಿಂಡಿ, ಮೊಸರು, ಶೇಂಗಾ ಪುಡಿ ಹಾಕುತ್ತೇನೆ. ಹಿಂಡಿದ ನೀರಿಗೆ ಮಜ್ಜಿಗೆ ಬೆರೆಸಿದರೆ ಅದೂ ಅವರಿಗೇ.

ಸಕ್ಕರೆ ಕಾಯಿಲೆ, ಬಿಪಿ ಇರುವವರು?

ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಊಟಕ್ಕೆ ಮೊದಲು ಅವರಿಗೆ ಒಂದು ಬಟ್ಟಲು ತರಕಾರಿ, ಕಾಳು ಕೊಡುತ್ತೇನೆ, ಆಮೇಲೆ ರೊಟ್ಟಿ. ಹೊಟ್ಟೆ ಅರ್ಧ ತುಂಬಿರುವುದರಿಂದ ಅನ್ನ ತಾನಾಗಿ ಕಡಿಮೆಯಾಗುತ್ತದೆ. ಆದರೆ ಸಲಾಡ್ ತಿಂದೆ ಅಂತ ಮಾತ್ರೆ ಬಿಡಬಾರದು. ಬಿಪಿ ಇದ್ದವರಿಗೆ ಉಪ್ಪಿನ ಬದಲು ನಿಂಬೆಹುಳಿ, ಜೀರಿಗೆ ಪುಡಿ, ಕಾಳುಮೆಣಸು ಜಾಸ್ತಿ ಮಾಡಿ. ಕಿಡ್ನಿ ತೊಂದರೆ ಇದ್ದವರು ಟೊಮೆಟೊ, ಸೊಪ್ಪು, ಕಾಳು ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಅವರಿಗೆ ಎಲ್ಲ ತರಕಾರಿಯೂ ಒಳ್ಳೆಯದಲ್ಲ.

ತರಕಾರಿಯನ್ನು ಉಪ್ಪು ನೀರಲ್ಲಿ ನೆನೆಸಬೇಕಾ?

ಹರಿಯುವ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯುವುದು ಮುಖ್ಯ. ಸೊಪ್ಪನ್ನು ದೊಡ್ಡ ಪಾತ್ರೆ ನೀರಲ್ಲಿ ಅದ್ದಿ, ಮಣ್ಣು ಕೆಳಗೆ ಕೂತ ಮೇಲೆ ಸೊಪ್ಪನ್ನು ಮೇಲಕ್ಕೆತ್ತಿ. ನೀರು ಬಗ್ಗಿಸಿದರೆ ಮಣ್ಣು ಮತ್ತೆ ಸೊಪ್ಪಿಗೇ ಬರುತ್ತದೆ. ಹೀಗೆ ಮೂರು ಸಲ. ಕೊನೆಯ ಸಲ ಕುಡಿಯುವ ನೀರಲ್ಲಿ. ಯಾವಾಗಲೂ ಮೊದಲು ತೊಳೆದು ಆಮೇಲೆ ಹೆಚ್ಚಿ. ಕೋಳಿ, ಮೀನು ಕತ್ತರಿಸಿದ ಮಣೆ, ಚಾಕು ಸಲಾಡಿಗೆ ಬೇಡ.

ಡಬ್ಬಿಗೆ ಕಟ್ಟಬಹುದಾ? ಫ್ರಿಜ್ಜಲ್ಲಿ ಎಷ್ಟು ದಿನ ಇಡಬಹುದು?

ಹೆಚ್ಚಿದ ತರಕಾರಿ ಒಂದು ಡಬ್ಬಿ, ಪುಡಿ ಮತ್ತು ಉಪ್ಪು ಒಂದು ಚಿಕ್ಕ ಡಬ್ಬಿ, ಅರ್ಧ ನಿಂಬೆಹಣ್ಣು. ತಿನ್ನುವಾಗ ಕಲಸಿಕೊಳ್ಳಲಿ. ತೆಂಗಿನತುರಿ, ಮೊಸರು ಇರುವುದನ್ನು ಬೇಸಿಗೆಯಲ್ಲಿ ಡಬ್ಬಿಗೆ ಹಾಕಬೇಡಿ. ನಮ್ಮ ಸೆಕೆಗೆ ತೆಂಗಿನಕಾಯಿ ಮಧ್ಯಾಹ್ನಕ್ಕೇ ಹಳಸುತ್ತದೆ. ಉಪ್ಪು ಹಾಕದ ತರಕಾರಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಒಂದು ದಿನ ಚೆನ್ನಾಗಿರುತ್ತದೆ. ಕಲಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ, ಏಪ್ರಿಲ್, ಮೇ ತಿಂಗಳಲ್ಲಿ ಒಂದೇ ಗಂಟೆ.

ಮನೆಯಲ್ಲಿ ಕಾರ್ಯ ಇದೆ, 50 ಜನರಿಗೆ ಕೋಸಂಬರಿಗೆ ಎಷ್ಟು ಬೇಳೆ?

ಒಂದು ಕಿಲೋ ಹೆಸರುಬೇಳೆ ಸಾಕು. ನೆನೆದರೆ ಎರಡು ಕಿಲೋ ಹತ್ತಿರ ಆಗುತ್ತದೆ. ಎರಡು ಕಿಲೋ ಸೌತೆಕಾಯಿ, ಎರಡು ತೆಂಗಿನಕಾಯಿ, ಹತ್ತು ನಿಂಬೆಹಣ್ಣು. ಉಪ್ಪನ್ನು ಪಂಕ್ತಿಗೊಮ್ಮೆ, ಆ ಪಂಕ್ತಿಗೆ ಬೇಕಾದಷ್ಟಕ್ಕೆ ಮಾತ್ರ ಹಾಕಿ. ಮೊದಲ ಪಂಕ್ತಿಯಲ್ಲೇ ಎಲ್ಲಕ್ಕೂ ಹಾಕಿದರೆ ಮೂರನೇ ಪಂಕ್ತಿಯವರಿಗೆ ನೀರು ಬಡಿಸಬೇಕಾಗುತ್ತದೆ.

ಉಳಿದ ಕೋಸಂಬರಿ ಏನು ಮಾಡಲಿ?

ಹಳಸುವ ಮೊದಲೇ ಫ್ರಿಜ್ಜಿಗೆ ಸೇರಿಸಿ. ಸಂಜೆ ತಾಲಿಪಟ್ಟು ಮಾಡಿ. ಕೋಸಂಬರಿಗೆ ಜೋಳದ ಹಿಟ್ಟು, ಸ್ವಲ್ಪ ಕಡಲೆಹಿಟ್ಟು, ಒಂದು ಈರುಳ್ಳಿ, ಖಾರದ ಪುಡಿ ಹಾಕಿ ಕಲಸಿ. ಬಿಟ್ಟುಕೊಂಡ ನೀರೇ ಹಿಟ್ಟಿಗೆ ಸಾಕಾಗುತ್ತದೆ. ಉಪ್ಪು ಆಗಲೇ ಇದೆ, ಹಿಟ್ಟಿನಷ್ಟಕ್ಕೆ ಮಾತ್ರ ಒಂದು ಚಿಟಿಕೆ ಸೇರಿಸಿ. ಬಾಳೆ ಎಲೆ ಮೇಲೆ ತಟ್ಟಿ, ಹೆಂಚಿಗೆ ಹಾಕಿ, ನಡುವೆ ಬೆರಳಲ್ಲಿ ತೂತು ಮಾಡಿ ಎಣ್ಣೆ ಬಿಡಿ. ಬೇಳೆ ಅಲ್ಲಲ್ಲಿ ಹುರಿದು ಕೆಂಪಾಗುವವರೆಗೆ ಬೇಯಲಿ.